ಠಾಣೆಯ ಕುರ್ಚಿಗೆ ಖಾಕಿಯೇ ಬೇಕಾ? ಪೊಲೀಸ್ ಇಲಾಖೆಯ ಸಿವಿಲಿಯನ್ ಸಿಬ್ಬಂದಿ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮಾತಿನ ನಡುವೆ, ಪತ್ರಗಳಲ್ಲಿ, ಪ್ರತಿಕ್ರಿಯೆಗಳಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಕೇಳಿದವರಲ್ಲಿ ಪೊಲೀಸರಿದ್ದಾರೆ, ಅವರ ಮನೆಯವರಿದ್ದಾರೆ, ಎಸ್‌ಡಿಎ (ದ್ವಿತೀಯ ದರ್ಜೆ ಸಹಾಯಕ) ಪರೀಕ್ಷೆಗೆ ಓದುವವರಿದ್ದಾರೆ, ಠಾಣೆಗೆ ಅಲೆದು ಸಾಕಾದವರೂ ಇದ್ದಾರೆ. ಅವರ ಮಾತನ್ನು ಆದಷ್ಟು ಹಾಗೇ ಬಿಟ್ಟಿದ್ದೇನೆ.

## ಮೊದಮೊದಲ ಪ್ರಶ್ನೆಗಳು

ಪೊಲೀಸ್ ಕೆಲಸಕ್ಕೆ ಪೊಲೀಸರಲ್ಲದವರನ್ನ ಹಾಕೋದು ಅಂದ್ರೆ ಏನು? ಲಾಠಿ ಅವರ ಕೈಗೆ ಕೊಡ್ತಾರಾ?

ಇಲ್ಲ. ಲಾಠಿ, ಬಂದೂಕು, ದಸ್ತಗಿರಿ ಮಾಡುವ ಅಧಿಕಾರ ಎಲ್ಲವೂ ಪೊಲೀಸರ ಹತ್ತಿರವೇ ಉಳಿಯುತ್ತವೆ. ಟೈಪ್ ಮಾಡುವುದು, ಫೈಲ್ ಜೋಡಿಸುವುದು, ಕರೆ ತೆಗೆದುಕೊಳ್ಳುವುದು, ಟಪಾಲು ಒಯ್ಯುವುದು, ಬಿಲ್ ಬರೆಯುವುದು, ಕಂಪ್ಯೂಟರ್ ನೋಡಿಕೊಳ್ಳುವುದು ಇಂಥ ಕೆಲಸಕ್ಕೆ ಕಾನ್‌ಸ್ಟೆಬಲ್ ಬದಲು ಆ ಕೆಲಸ ಬಲ್ಲ ಸಾಮಾನ್ಯ ನೌಕರರನ್ನು ಕೂರಿಸುವುದಷ್ಟೇ ವಿಷಯ. ಪರೀಕ್ಷೆಗೆ ಓದುವವರು ಇದನ್ನು 'ಸಿವಿಲ್ ಪಿಸಿ' ಅಂದರೆ ಸಿವಿಲ್ ಪೊಲೀಸ್ ಕಾನ್‌ಸ್ಟೆಬಲ್ ಹುದ್ದೆ ಜೊತೆ ಬೆರೆಸಬೇಡಿ. ಸಿವಿಲ್ ಪಿಸಿ ಪೂರ್ತಿ ಪೊಲೀಸರೇ.

ಠಾಣೆಗೆ ಹೋದ್ರೆ ಹತ್ತಾರು ಜನ ಪೊಲೀಸರು ಕಾಣ್ತಾರೆ. ನಮ್ಮ ಬೀದಿಗೆ ಮಾತ್ರ ಯಾಕೆ ಒಬ್ಬರೂ ಬರಲ್ಲ?

ಆ ಹತ್ತಾರು ಜನ ಏನು ಮಾಡುತ್ತಿದ್ದಾರೆ ಅಂತ ಒಂದು ಸಲ ನಿಂತು ನೋಡಿ. ಒಬ್ಬರು ಠಾಣೆಯ ರೈಟರ್. ಕೇಸ್ ಫೈಲು, ರಿಜಿಸ್ಟರು, ಮೇಲಿನವರು ಕೇಳುವ ಅಂಕಿಅಂಶ ಎಲ್ಲ ಅವರ ತಲೆ ಮೇಲೆ. ಅವರಿಗೆ ಒಬ್ಬ ಸಹಾಯಕ. ಒಬ್ಬರು ಪೊಲೀಸ್ ಐಟಿ ತಂತ್ರಾಂಶಕ್ಕೆ ಎಫ್‌ಐಆರ್ ತುಂಬುತ್ತಿರುತ್ತಾರೆ. ಒಬ್ಬರು ಸೆಂಟ್ರಿ, ಒಬ್ಬರು ವೈರ್‌ಲೆಸ್ ಮುಂದೆ. ಕೋರ್ಟ್ ಪಿಸಿ ಬೆಳಿಗ್ಗೆಯೇ ನ್ಯಾಯಾಲಯಕ್ಕೆ ಹೋಗಿರುತ್ತಾರೆ. ಒಬ್ಬರು ಎಸ್‌ಪಿ ಆಫೀಸಿಗೆ ಟಪಾಲು ಹಿಡಿದು ಹೋದರೆ, ಇಬ್ಬರು ಸಮನ್ಸ್, ವಾರಂಟ್ ಹಿಡಿದು ಊರೂರು ಸುತ್ತುತ್ತಾರೆ. ಮುದ್ದೆಮಾಲು ಅಂದರೆ ಜಪ್ತಿ ಮಾಡಿದ ಸಾಮಾನು ಲೆಕ್ಕ ಇಡಲು ಇನ್ನೊಬ್ಬರು. ಒಬ್ಬರು ಜೀಪ್ ಡ್ರೈವರ್. ರಾತ್ರಿ ಪಾಳಿ ಮುಗಿಸಿ ಮನೆಗೆ ಹೋದವರು, ರಜೆಯವರು, ಮಂತ್ರಿಗಳ ಬಂದೋಬಸ್ತ್‌ಗೆ ಹೋದವರು ಲೆಕ್ಕದಲ್ಲಿದ್ದರೂ ಅಲ್ಲಿರುವುದಿಲ್ಲ.

ಇಷ್ಟೆಲ್ಲ ಕಳೆದ ಮೇಲೆ ಬೀಟ್‌ಗೆ, ಅಂದರೆ ಬೀದಿ ಗಸ್ತಿಗೆ, ಎಷ್ಟು ಜನ ಉಳಿದರು? ನಮ್ಮ ದೇಶದಲ್ಲಿ ಲಕ್ಷ ಜನಕ್ಕೆ ನಿಜವಾಗಿ ಇರುವ ಪೊಲೀಸರು ಸುಮಾರು 150. ಮಂಜೂರಾದ ಸಂಖ್ಯೆ ಇದಕ್ಕಿಂತ ಜಾಸ್ತಿ ಇದೆ, ಆದರೆ ಹುದ್ದೆ ಖಾಲಿ. ಇರುವ ಕಮ್ಮಿ ಜನರಲ್ಲೂ ಒಂದಷ್ಟು ಮಂದಿ ಕಾಗದದ ಹಿಂದೆ ಕೂತಿದ್ದಾರೆ.

ಇಲಾಖೇಲಿ ಈಗಲೇ ಎಫ್‌ಡಿಎ, ಎಸ್‌ಡಿಎ ಇದ್ದಾರಲ್ವಾ? ಇದರಲ್ಲಿ ಹೊಸದೇನು?

ಇದ್ದಾರೆ. ಆದರೆ ಈ ಪ್ರಥಮ ದರ್ಜೆ, ದ್ವಿತೀಯ ದರ್ಜೆ ಸಹಾಯಕರು ಎಲ್ಲಿದ್ದಾರೆ ಅನ್ನುವುದು ಮುಖ್ಯ. ಎಸ್‌ಪಿ ಕಚೇರಿ, ಕಮಿಷನರ್ ಕಚೇರಿ, ಐಜಿ ಕಚೇರಿಗಳಲ್ಲಿ ಸಂಬಳ, ಬಡ್ತಿ, ಪಿಂಚಣಿ ಕಡತ ನೋಡುವವರು ಇವರೇ. ಇಲಾಖೆ ಇವರನ್ನು ಲಿಪಿಕ ಸಿಬ್ಬಂದಿ ಎನ್ನುತ್ತದೆ. ಕಾಗದದ ರಾಶಿ ಹುಟ್ಟುವುದು ಠಾಣೆಯಲ್ಲಿ. ಅಲ್ಲಿ ಮಾತ್ರ ಎಲ್ಲವನ್ನೂ ಖಾಕಿಯವರೇ ಬರೆಯಬೇಕು.

ಬೇರೆ ಕಡೆ ಇನ್ನೂ ವಿಚಿತ್ರ. ಉತ್ತರ ಪ್ರದೇಶದಲ್ಲಿ ಗುಮಾಸ್ತರೂ ಲೆಕ್ಕಿಗರೂ ಎಎಸ್‌ಐ ಹೆಸರಿನಲ್ಲೇ ನೇಮಕವಾಗುತ್ತಾರೆ. ದೆಹಲಿ ಪೊಲೀಸ್‌ನಲ್ಲಿ ಕಚೇರಿ ಕೆಲಸಕ್ಕೆಂದೇ ಹೆಡ್ ಕಾನ್‌ಸ್ಟೆಬಲ್ ಹುದ್ದೆ ಇದೆ. ಟೈಪಿಂಗ್ ಪರೀಕ್ಷೆ ಪಾಸಾಗಬೇಕು, ಓಟದ ಪರೀಕ್ಷೆಯೂ ಪಾಸಾಗಬೇಕು! ಕರ್ನಾಟಕ ಎರಡನ್ನೂ ಬೇರೆ ಇಟ್ಟಿರುವುದು ನನಗೆ ಸರಿ ಅನ್ನಿಸುತ್ತದೆ.

ಹೋಂ ಗಾರ್ಡ್‌ಗಳು ಇದ್ದಾರಲ್ಲ, ಅವರು ಸಾಕಲ್ವಾ?

ಗೃಹರಕ್ಷಕರು 1962ರ ಕಾಯ್ದೆಯಡಿ ಕರೆದಾಗ ಬರುವ ಸ್ವಯಂಸೇವಕರು. ದಿನದ ಲೆಕ್ಕದಲ್ಲಿ ಗೌರವಧನ. ಜಾತ್ರೆ, ಚುನಾವಣೆ, ಟ್ರಾಫಿಕ್‌ಗೆ ಅವರಿಂದ ತುಂಬ ಉಪಕಾರ ಆಗಿದೆ. ಆದರೆ ದಾಖಲೆ ಇಡುವ ಕೆಲಸಕ್ಕೆ ವರ್ಷಗಟ್ಟಲೆ ಒಂದೇ ಜಾಗದಲ್ಲಿದ್ದು ಹೊಣೆ ಹೊರುವವರು ಬೇಕು.

## ಯಾವ ಕೆಲಸ, ಯಾರಿಗೆ

ಯಾವ ಕೆಲಸ ಬಿಟ್ಟುಕೊಡಬಹುದು, ಯಾವುದು ಕೂಡದು? ಗೆರೆ ಎಳೆದು ಹೇಳಿ.

ನಾನು ಕೇಳುವ ಪ್ರಶ್ನೆ ಒಂದೇ. ಈ ಕೆಲಸ ಮಾಡಲು ಕಾನೂನು ಕೊಟ್ಟ ಪೊಲೀಸ್ ಅಧಿಕಾರ ಬೇಕಾ? ದಸ್ತಗಿರಿ, ತಪಾಸಣೆ, ಜಪ್ತಿ, ಸಾಕ್ಷಿಗಳ ಹೇಳಿಕೆ ಪಡೆಯುವುದು, ತನಿಖೆ ಯಾವ ದಾರಿ ಹಿಡಿಯಬೇಕು ಅಂತ ತೀರ್ಮಾನಿಸುವುದು, ಇವಕ್ಕೆ ಬೇಕು. ದೂರಿನಲ್ಲಿ ಪೊಲೀಸರು ದಾಖಲಿಸಲೇಬೇಕಾದ ಅಪರಾಧ ಇದೆಯೋ ಇಲ್ಲವೋ ಅನ್ನುವ ತೀರ್ಮಾನವೂ ಠಾಣಾಧಿಕಾರಿಯದೇ. ಅದನ್ನು ಕಂಪ್ಯೂಟರ್ ಮುಂದೆ ಕೂತವರ ಮರ್ಜಿಗೆ ಬಿಡಬಾರದು.

ಅಧಿಕಾರ ಬೇಡದ ಕೆಲಸಗಳ ಪಟ್ಟಿ ಉದ್ದ ಇದೆ. ದಾಖಲೆ ತುಂಬುವುದು, ಸಿಸಿಟಿವಿ ನೋಡುವುದು, ತುರ್ತು ಕರೆ ಸ್ವೀಕರಿಸುವುದು, ವಾಹನಗಳ ಲಾಗ್ ಪುಸ್ತಕ, ಉಗ್ರಾಣ, ಕ್ಯಾಂಟೀನ್, ಅಂಕಿಅಂಶ, ದೂರುದಾರರಿಗೆ ಕೇಸಿನ ಸ್ಥಿತಿ ತಿಳಿಸುವುದು. ನಡುವೆ ಒಂದು ಮಬ್ಬು ಪಟ್ಟಿಯೂ ಇದೆ. ಸೆಂಟ್ರಿ ಕೆಲಸ ನಿಂತುಕೊಳ್ಳುವ ಕೆಲಸದ ಥರ ಕಾಣುತ್ತದೆ, ಆದರೆ ಬಂದೂಕು ಮತ್ತು ಲಾಕಪ್ ಕಾವಲು ಅದರಲ್ಲಿದೆ. ಅದನ್ನು ಬಿಟ್ಟುಕೊಡಬಾರದು.

ಸಮನ್ಸ್ ತಂದುಕೊಡೋಕೂ ಪೊಲೀಸೇ ಬರ್ಬೇಕಾ? ಅಕ್ಕಪಕ್ಕದವರೆಲ್ಲ ನಮ್ಮನ್ನ ಕಳ್ಳರ ಥರ ನೋಡಿದ್ರು.

ಬರಲೇಬೇಕು ಅಂತ ಕಾನೂನಿನಲ್ಲಿ ಇಲ್ಲ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 64ನೇ ಕಲಂ ನೋಡಿ. ಸಮನ್ಸ್ ಅನ್ನು ಪೊಲೀಸ್ ಅಧಿಕಾರಿ ಜಾರಿ ಮಾಡಬಹುದು. ರಾಜ್ಯ ಸರ್ಕಾರ ನಿಯಮ ಮಾಡಿದರೆ ನ್ಯಾಯಾಲಯದ ಸಿಬ್ಬಂದಿ ಅಥವಾ ಬೇರೆ ಸರ್ಕಾರಿ ನೌಕರರೂ ಮಾಡಬಹುದು. ಇದಕ್ಕೂ ಮೊದಲಿದ್ದ ಸಿಆರ್‌ಪಿಸಿಯಲ್ಲೂ (ದಂಡ ಪ್ರಕ್ರಿಯಾ ಸಂಹಿತೆ) ಇದೇ ಮಾತಿತ್ತು. ಈಗ ನ್ಯಾಯಾಲಯದ ಮೊಹರಿನ ಚಿತ್ರ ಇರುವ ಸಮನ್ಸ್ ಅನ್ನು ಎಲೆಕ್ಟ್ರಾನಿಕ್ ರೂಪದಲ್ಲಿ ಕಳಿಸಲೂ ಅವಕಾಶ ಇದೆ.

ನಮ್ಮವರೇ ಆದ ವೀರಪ್ಪ ಮೊಯ್ಲಿ ಅಧ್ಯಕ್ಷರಾಗಿದ್ದ ಎರಡನೇ ಆಡಳಿತ ಸುಧಾರಣಾ ಆಯೋಗ 2007ರಲ್ಲಿ ಸಾರ್ವಜನಿಕ ಸುವ್ಯವಸ್ಥೆ ಬಗ್ಗೆ ವರದಿ ಕೊಟ್ಟಿತು. ಸಮನ್ಸ್ ಜಾರಿ, ವಿಳಾಸ ಪರಿಶೀಲನೆಯಂಥ ಕೆಲಸಗಳನ್ನು ಪೊಲೀಸರಿಂದ ಬಿಡಿಸಿ ಬೇರೆಯವರಿಗೆ ಕೊಡಬಹುದು ಎಂದು ಅದರಲ್ಲೇ ಇದೆ. ವಾರಂಟ್ ಕಥೆ ಬೇರೆ. ಅದು ಹಿಡಿದು ತರುವ ಆದೇಶ, ಅದಕ್ಕೆ ಪೊಲೀಸರೇ ಸರಿ.

ಪಾಸ್‌ಪೋರ್ಟ್ ಆಫೀಸಲ್ಲಿ ಖಾಸಗಿ ಹುಡುಗರು ಕೂತಿರ್ತಾರೆ. ಪೊಲೀಸ್ ಠಾಣೇಲೂ ಹಾಗೇ ಮಾಡೋಕಾಗಲ್ವಾ?

ಅರ್ಧ ಆಗುತ್ತದೆ. ಪಾಸ್‌ಪೋರ್ಟ್ ಸೇವಾ ಯೋಜನೆ 2010ರಲ್ಲಿ ಪ್ರಾಯೋಗಿಕವಾಗಿ ಶುರುವಾಗಿದ್ದೇ ಬೆಂಗಳೂರು ಮತ್ತು ಚಂಡೀಗಢ ಕಚೇರಿಗಳಲ್ಲಿ. ಅಲ್ಲಿ ಮೂರು ಕೌಂಟರ್ ಇವೆ. ಮೊದಲನೆಯದರಲ್ಲಿ ಕಂಪನಿಯ ಸಿಬ್ಬಂದಿ ಫೋಟೊ, ಬೆರಳಚ್ಚು ತೆಗೆದು ದಾಖಲೆ ಸ್ಕ್ಯಾನ್ ಮಾಡುತ್ತಾರೆ. ಎರಡನೆಯದು, ಮೂರನೆಯದು ಸರ್ಕಾರಿ ಅಧಿಕಾರಿಗಳದು. ಪಾಸ್‌ಪೋರ್ಟ್ ಕೊಡಬೇಕೋ ಬೇಡವೋ ಅನ್ನುವ ತೀರ್ಮಾನ ಅಲ್ಲೇ.

ಠಾಣೆ ಕಲಿಯಬೇಕಾದ್ದು ಈ ಕೌಂಟರ್ ಹಂಚಿಕೆಯನ್ನು. ಮಾಹಿತಿ ತುಂಬುವವರು ಬೇರೆ, ತೀರ್ಮಾನಿಸುವವರು ಬೇರೆ. ಆದರೆ ಪಾಸ್‌ಪೋರ್ಟ್‌ಗೆ ಬರುವವರು ಹಲ್ಲೆಯ ಗಾಯ ಹೊತ್ತು ಬರುವುದಿಲ್ಲ. ಠಾಣೆಯ ಮೊದಲ ಮೇಜಿನಲ್ಲಿ ಕೂರುವವರಿಗೆ ಅಳುತ್ತ ಬಂದವರನ್ನು ಮಾತಾಡಿಸಲು ಗೊತ್ತಿರಬೇಕು. ಅದು ಮೂರು ದಿನದ ತರಬೇತಿಯಲ್ಲಿ ಬರಲ್ಲ.

ಆರ್ಡರ್ಲಿ ಪದ್ಧತಿ ಹೋಗಿದೆ ಅಂತಾರೆ. ನಿಜಾನಾ?

ಅಧಿಕಾರಿಗಳ ಮನೆಗೆಲಸಕ್ಕೆ ಪೊಲೀಸರನ್ನು ಹಚ್ಚುವ ಈ ಪದ್ಧತಿ ಕಾಗದದಲ್ಲಿ ಎಷ್ಟೋ ಸಲ ಹೋಗಿದೆ. ಧರ್ಮವೀರ ಅಧ್ಯಕ್ಷತೆಯ ರಾಷ್ಟ್ರೀಯ ಪೊಲೀಸ್ ಆಯೋಗ ಬೇಡ ಎಂದಿತು. ಮೊಯ್ಲಿ ಆಯೋಗವೂ ತಕ್ಷಣ ರದ್ದು ಮಾಡಿ ಎಂದಿತು. ತಮಿಳುನಾಡು 1979ರಲ್ಲೇ ರದ್ದು ಆದೇಶ ಹೊರಡಿಸಿತ್ತು. ಆದರೂ 2022ರಲ್ಲಿ ಮದ್ರಾಸ್ ಹೈಕೋರ್ಟ್ ಅದೇ ವಿಷಯಕ್ಕೆ ಮತ್ತೆ ಕಿವಿ ಹಿಂಡಬೇಕಾಯಿತು. ನಮ್ಮಲ್ಲಿ ಅಡುಗೆ, ಕ್ಷೌರ, ಬಟ್ಟೆ ಒಗೆಯುವ ಕೆಲಸಕ್ಕೆ ಫಾಲೋವರ್ ಅನ್ನುವ ಹುದ್ದೆಗಳಿವೆ. ಅವು ಖಾಲಿ ಬಿದ್ದಾಗ ಆ ಕೆಲಸ ಯಾರ ಪಾಲಿಗೆ ಬರುತ್ತದೆ ಅಂತ ಬೇರೆ ಹೇಳಬೇಕಾ?

ಇಷ್ಟು ಮಾತ್ರ ಹೇಳುತ್ತೇನೆ. ಸಾಹೇಬರ ಮನೆಯ ತರಕಾರಿ ತರುವುದು ಸಿವಿಲಿಯನ್ನರಿಗೂ ವರ್ಗಾಯಿಸಬೇಕಾದ ಕೆಲಸವಲ್ಲ. ಅದು ಸರ್ಕಾರಿ ಕೆಲಸವೇ ಅಲ್ಲ.

ಭಾರತದಲ್ಲಿ ಎಲ್ಲಾದ್ರೂ ಹೀಗೆ ಮಾಡಿ ಗೆದ್ದಿದ್ದಾರಾ? ಎಲ್ಲಾ ಫಾರಿನ್ ಉದಾಹರಣೆ ಕೊಡ್ಬೇಡಿ.

ಕೊಡುವುದಿಲ್ಲ. ದೊಡ್ಡ ಉದಾಹರಣೆ ನಮ್ಮ ಕಣ್ಣೆದುರೇ ಇದೆ, ಯಾರೂ ಹಾಗೆ ನೋಡುವುದಿಲ್ಲ ಅಷ್ಟೇ. ಒಂದು ಕಾಲದಲ್ಲಿ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಸರ್ಕಾರದ ಪರ ವಾದ ಮಾಡುತ್ತಿದ್ದವರೂ ಪೊಲೀಸ್ ಅಧಿಕಾರಿಗಳೇ. ಹಿಡಿದವರೇ ವಾದಿಸುವುದು ಸರಿಯಲ್ಲ ಎಂದು ಕಾನೂನು ಆಯೋಗ 1958ರ 14ನೇ ವರದಿಯಲ್ಲಿ ಹೇಳಿತು. 1974ರ ಏಪ್ರಿಲ್ 1ರಂದು ಹೊಸ ಸಿಆರ್‌ಪಿಸಿ ಜಾರಿಗೆ ಬಂತು. ಅದರ 25ನೇ ಕಲಂ ಪ್ರಕಾರ ಪೊಲೀಸ್ ಅಧಿಕಾರಿಯನ್ನು ಸಹಾಯಕ ಸರ್ಕಾರಿ ಅಭಿಯೋಜಕರಾಗಿ ನೇಮಿಸುವಂತಿಲ್ಲ, ಬೇರೆ ಯಾರೂ ಸಿಗದ ಸಂದರ್ಭಕ್ಕಷ್ಟೇ ವಿನಾಯಿತಿ. ಇವತ್ತು ಎಪಿಪಿ ಅಂದರೆ ಕಪ್ಪು ಕೋಟಿನ ವಕೀಲರು ಅಂತಲೇ ಎಲ್ಲರಿಗೂ ಗೊತ್ತು.

ಇನ್ನೊಂದು ಉದಾಹರಣೆ ಬೆಂಗಳೂರಿನ ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯ. ರಕ್ತ, ವಿಷ, ಗುಂಡು ಪರೀಕ್ಷೆ ಮಾಡುವವರು ವಿಜ್ಞಾನಿಗಳು. ಈಚೆಗೆ ಅಪರಾಧ ನಡೆದ ಜಾಗಕ್ಕೇ ಹೋಗಿ ಸಾಕ್ಷ್ಯ ಎತ್ತಲು ಕರ್ನಾಟಕ 'ಸೋಕೋ' ಎಂಬ ಹುದ್ದೆ ಮಾಡಿ ವಿಜ್ಞಾನ ಓದಿದ ಇನ್ನೂರರಷ್ಟು ಜನರನ್ನು ತೆಗೆದುಕೊಂಡಿತು. 2024ರ ಜುಲೈ 1ರಿಂದ ಸಿಆರ್‌ಪಿಸಿ ಜಾಗಕ್ಕೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 176(3)ನೇ ಕಲಂ ಪ್ರಕಾರ ಏಳು ವರ್ಷ ಅಥವಾ ಅದಕ್ಕಿಂತ ಹೆಚ್ಚು ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಹೋಗಲೇಬೇಕು. ರಾಜ್ಯಗಳು ಐದು ವರ್ಷದೊಳಗೆ ಇದನ್ನು ಜಾರಿಗೆ ತರಬೇಕು. ಅಂದರೆ ಇನ್ನೂ ಜಾಸ್ತಿ ಜನ ಬೇಕಾಗುತ್ತಾರೆ.

## ಅನುಮಾನ, ಆತಂಕ

ಠಾಣೆ ಗುಟ್ಟೆಲ್ಲ ಹೊರಗೆ ಹೋಗಲ್ವಾ?

ಪೊಲೀಸರೇ ಬರೆದ ಎಫ್‌ಐಆರ್ ಬೆಳಗಾಗುವುದರೊಳಗೆ ವಾಟ್ಸಾಪ್‌ನಲ್ಲಿ ಓಡಾಡಿದ್ದನ್ನು ನಾವೆಲ್ಲ ನೋಡಿದ್ದೇವೆ. ಸಮವಸ್ತ್ರ ಗುಟ್ಟು ಕಾಯುತ್ತದೆ ಅನ್ನುವುದು ಬರೀ ನಂಬಿಕೆ. ಕಾಯುವುದು ಬೇರೆ ಬೇರೆ ಲಾಗಿನ್, ಯಾರು ಯಾವ ಫೈಲ್ ತೆರೆದರು ಅನ್ನುವ ದಾಖಲೆ, ತಪ್ಪು ಮಾಡಿದರೆ ಕೆಲಸ ಹೋಗುತ್ತದೆ ಅನ್ನುವ ಹೆದರಿಕೆ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ ಹೆಸರು ಬಯಲು ಮಾಡುವುದು ಯಾರು ಮಾಡಿದರೂ ಅಪರಾಧವೇ. ಒಬ್ಬರ ಪಾಸ್‌ವರ್ಡ್‌ನಲ್ಲಿ ಇಡೀ ಠಾಣೆ ಕೆಲಸ ಮಾಡುವ ಅಭ್ಯಾಸ ಮೊದಲು ನಿಲ್ಲಬೇಕು.

ನಾನು 50 ದಾಟಿದ ಹೆಡ್ ಕಾನ್‌ಸ್ಟೆಬಲ್. ಬಿಪಿ, ಶುಗರ್ ಎರಡೂ ಇದೆ. ರೈಟರ್ ಕುರ್ಚಿನೂ ಕಿತ್ಕೊಂಡ್ರೆ ನಾನೆಲ್ಲಿಗೆ ಹೋಗ್ಲಿ ಸಾರ್?

ಈ ಚರ್ಚೆಯಲ್ಲಿ ಯಾರೂ ಎತ್ತದ, ಆದರೆ ಎಲ್ಲಕ್ಕಿಂತ ಕಷ್ಟದ ಪ್ರಶ್ನೆ ಇದು. ಇಪ್ಪತ್ತೈದು ವರ್ಷ ರಾತ್ರಿ ಪಾಳಿ, ಬಂದೋಬಸ್ತ್ ಮಾಡಿದವರಿಗೆ ಠಾಣೆಯ ಮೇಜು ಒಂದು ಆಸರೆ. ಕಾಯಿಲೆ ಬಿದ್ದವರು, ಅಪಘಾತವಾದವರು, ಹೆರಿಗೆ ರಜೆ ಮುಗಿಸಿ ಬಂದ ಮಹಿಳಾ ಪಿಸಿಗಳು ಅಲ್ಲೇ ಸ್ವಲ್ಪ ಸುಧಾರಿಸಿಕೊಳ್ಳುತ್ತಾರೆ. ಆ ಕುರ್ಚಿಗಳನ್ನೆಲ್ಲ ಒಂದೇ ಸಲ ತೆಗೆದರೆ ಇವರು ಮತ್ತೆ ಮೆರವಣಿಗೆ ಮುಂದೆ ಹಗ್ಗ ಹಿಡಿದು ನಿಲ್ಲಬೇಕಾಗುತ್ತದೆ.

ಹಾಗಾಗಿ ಕೂತವರನ್ನು ಎಬ್ಬಿಸಬಾರದು. ರೈಟರ್ ನಿವೃತ್ತರಾದಾಗ ಆ ಹುದ್ದೆಯನ್ನು ಬದಲಾಯಿಸಬೇಕು. ಇನ್ನೊಂದು ದಾರಿಯೂ ಇದೆ. ಓಡಾಟ ಕಮ್ಮಿ, ಆದರೆ ಪೊಲೀಸ್ ಅನುಭವ ಬೇಕಾದ ಕೆಲಸ ಬೇಕಾದಷ್ಟಿವೆ. ಅರ್ಜಿ ವಿಚಾರಣೆ, ಹಳೇ ಕೇಸುಗಳ ಸಾಕ್ಷಿಗಳನ್ನು ಹುಡುಕಿ ಕೋರ್ಟಿಗೆ ಸಿದ್ಧ ಮಾಡುವುದು, ಹೊಸ ಪಿಸಿಗಳಿಗೆ ಮಹಜರು ಬರೆಯಲು ಕಲಿಸುವುದು. ನಿಮ್ಮಂಥವರು ಅಂಕಿಅಂಶದ ತಖ್ತೆ ತುಂಬುತ್ತ ಕೂರುವುದೇ ನಷ್ಟ.

ಹೊರಗುತ್ತಿಗೆ ಕೊಟ್ರೆ ಅಗ್ಗ ಆಗುತ್ತಲ್ಲ?

ಮೊದಲ ವರ್ಷದ ಬಿಲ್ ನೋಡಿದರೆ ಆಗುತ್ತದೆ. ಕಾಯಂ ಎಸ್‌ಡಿಎ ಮೂಲ ವೇತನಕ್ಕೂ ಕಾನ್‌ಸ್ಟೆಬಲ್ ಮೂಲ ವೇತನಕ್ಕೂ ದೊಡ್ಡ ಅಂತರ ಇಲ್ಲ. ಹಾಗಾಗಿ ಉಳಿತಾಯ ತೋರಿಸಬೇಕು ಅನ್ನುವವರು ಏಜೆನ್ಸಿ ಕಡೆ ಓಡುತ್ತಾರೆ. ಏಜೆನ್ಸಿಯ ಹುಡುಗ ಹನ್ನೊಂದು ತಿಂಗಳಲ್ಲಿ ಬೇರೆ ಕೆಲಸ ಸಿಕ್ಕಿ ಹೋಗುತ್ತಾನೆ. ಆಮೇಲೆ ಫೈಲ್ ಹುಡುಕಲು ಮತ್ತೆ ಪಿಸಿಯನ್ನೇ ಕರೆಯುತ್ತಾರೆ.

ಇಂಗ್ಲೆಂಡಿನ ಲಿಂಕನ್‌ಶೈರ್ ಪೊಲೀಸ್ 2012ರಲ್ಲಿ ಜಿ4ಎಸ್ ಕಂಪನಿಗೆ ಹತ್ತು ವರ್ಷದ, ಸುಮಾರು 20 ಕೋಟಿ ಪೌಂಡ್‌ನ ಗುತ್ತಿಗೆ ಕೊಟ್ಟಿತು. 500ಕ್ಕೂ ಹೆಚ್ಚು ಸಿಬ್ಬಂದಿ ಕಂಪನಿಗೆ ಹೋದರು. ಕಂಟ್ರೋಲ್ ರೂಮ್ ಕೂಡ ಹೋಯಿತು. ತುರ್ತು ಕರೆಯನ್ನು ಇಷ್ಟು ಸೆಕೆಂಡಿನಲ್ಲಿ ಎತ್ತಬೇಕು ಅಂತ ಗುರಿ ಇತ್ತು. ಗುರಿ ಮುಟ್ಟಿದಂತೆ ತೋರಿಸಲು ಅಲ್ಲಿನ ಕೆಲವರು ಬಿಡುವಿನ ಹೊತ್ತಿನಲ್ಲಿ ತಾವೇ ತುರ್ತು ಸಂಖ್ಯೆ 999ಕ್ಕೆ ನೂರಾರು ಕರೆ ಮಾಡಿ ತಾವೇ ಎತ್ತಿದ್ದರು. 2016ರಲ್ಲಿ ಇದು ಹೊರಬಿತ್ತು, ಕೆಲವರು ಅಮಾನತಾದರು. ನಮ್ಮಲ್ಲಿ ಹಾಜರಾತಿ ತೋರಿಸುವ ಜಾಣತನ ಕಂಡವರಿಗೆ ಇದೇನೂ ಹೊಸದಲ್ಲ ಬಿಡಿ.

ನನ್ನ ಮಗಳು ಎಸ್‌ಡಿಎಗೆ ಓದ್ತಿದಾಳೆ. ಪೊಲೀಸ್ ಇಲಾಖೆ ಸಿಕ್ಕರೆ ಸೇರ್ಬಹುದಾ?

ಧಾರಾಳವಾಗಿ. ಎಸ್‌ಡಿಎಯಿಂದ ಎಫ್‌ಡಿಎ, ಮುಂದೆ ಕಚೇರಿಯ ಸೂಪರಿಂಟೆಂಡೆಂಟ್ ಅಂತ ಬಡ್ತಿ ದಾರಿ ಇದೆ. ಬೇಸರದ ಸಂಗತಿ ಒಂದೇ. ಖಾಕಿ ತುಂಬಿದ ಕಟ್ಟಡದಲ್ಲಿ ಬಣ್ಣದ ಬಟ್ಟೆಯವರ ಮಾತಿಗೆ ಬೆಲೆ ಕಮ್ಮಿ. ನೆನಪಿಡಿ, ಪಿಎಸ್‌ಐ ಸಾಹೇಬರ ಸಂಬಳದ ಬಿಲ್ಲೂ ಅವಳ ಮೇಜಿನಿಂದಲೇ ಹೋಗಬೇಕು.

## ಒಳಗಿನವರು ಕೇಳಿದ್ದು

ಇಂಗ್ಲೆಂಡಲ್ಲಿ ನಲವತ್ತು ವರ್ಷದಿಂದ ಮಾಡ್ತಿದಾರಂತೆ. ಕೊನೆಗೆ ಏನಾಯ್ತು?

1983ರಲ್ಲಿ ಅಲ್ಲಿನ ಗೃಹ ಕಚೇರಿ 114/83 ಸಂಖ್ಯೆಯ ಸುತ್ತೋಲೆ ಹೊರಡಿಸಿತು. ಸಿವಿಲಿಯನ್ನರು ಮಾಡಬಹುದಾದ ಕೆಲಸದಲ್ಲಿ ಪೊಲೀಸರನ್ನು ಇಟ್ಟುಕೊಂಡು ಇನ್ನಷ್ಟು ಪೊಲೀಸರನ್ನು ಕೇಳಬೇಡಿ ಅನ್ನುವುದು ಅದರ ಸಾರ. ಆಮೇಲೆ 2002ರ ಪೊಲೀಸ್ ಸುಧಾರಣಾ ಕಾಯ್ದೆ ಇನ್ನೂ ಮುಂದೆ ಹೋಯಿತು. ಸಮುದಾಯ ಬೆಂಬಲ, ತನಿಖೆ, ಬಂಧಿಗಳನ್ನು ನೋಡಿಕೊಳ್ಳುವುದು, ಕರೆದೊಯ್ಯುವುದು, ಈ ನಾಲ್ಕು ಕೆಲಸಕ್ಕೆ ಸಿವಿಲಿಯನ್ನರಿಗೆ ಗೊತ್ತುಪಡಿಸಿದ ಅಧಿಕಾರ ಕೊಟ್ಟಿತು. ಬೀದಿಯಲ್ಲಿ ನಡೆಯುವ ಸಮುದಾಯ ಬೆಂಬಲ ಅಧಿಕಾರಿಗಳು, ಅಂದರೆ ಪಿಸಿಎಸ್‌ಒಗಳು, ಹುಟ್ಟಿದ್ದು ಹಾಗೆ.

2010ರ ನಂತರ ಸರ್ಕಾರ ಪೊಲೀಸ್ ಅನುದಾನ ಕಡಿತ ಮಾಡಿತು. ಮುಂದಿನ ಏಳೆಂಟು ವರ್ಷದಲ್ಲಿ ಸುಮಾರು 20 ಸಾವಿರ ಪೊಲೀಸ್ ಹುದ್ದೆ ಹೋದವು. ಆದರೆ ಪ್ರಮಾಣದಲ್ಲಿ ಹೆಚ್ಚು ಏಟು ಬಿದ್ದಿದ್ದು ಸಿವಿಲಿಯನ್ನರಿಗೆ. 2010ರಲ್ಲಿ 16 ಸಾವಿರಕ್ಕೂ ಹೆಚ್ಚಿದ್ದ ಪಿಸಿಎಸ್‌ಒಗಳು ಹತ್ತು ವರ್ಷದೊಳಗೆ 10 ಸಾವಿರಕ್ಕಿಂತ ಕೆಳಗಿಳಿದರು. 2019ರಲ್ಲಿ 20 ಸಾವಿರ ಹೊಸ ಪೊಲೀಸರನ್ನು ತೆಗೆದುಕೊಳ್ಳುತ್ತೇವೆ ಎಂದು ಸರ್ಕಾರ ಮಾತು ಕೊಟ್ಟಿತು, 2023ರ ಮಾರ್ಚ್ ಹೊತ್ತಿಗೆ ಗುರಿಯನ್ನೂ ಮುಟ್ಟಿತು. ಪೊಲೀಸರ ತಲೆ ಎಣಿಕೆ ಕಮ್ಮಿಯಾದರೆ ಹಣ ಕಟ್. ಹಾಗಾಗಿ ಹಲವು ಕಡೆ ಗುಮಾಸ್ತರ ಹುದ್ದೆ ಖಾಲಿ ಬಿಟ್ಟು ಅದೇ ಮೇಜಿಗೆ ಪೊಲೀಸರನ್ನು ಕೂರಿಸಿದರು. ನಲವತ್ತು ವರ್ಷದ ಕೆಲಸ ಹಿಂದಕ್ಕೆ ತಿರುಗಿತು. ಮತ ತರುವುದು ಪೊಲೀಸರ ಸಂಖ್ಯೆ. ಗುಮಾಸ್ತರ ಸಂಖ್ಯೆ ಹೇಳಿ ಯಾವ ಪಕ್ಷವೂ ಚುನಾವಣೆ ಗೆದ್ದಿಲ್ಲ.

ಠಾಣೆ ಗುಮಾಸ್ತರ ಮುಂದೆ ಆರೋಪಿ ತಪ್ಪೊಪ್ಪಿಕೊಂಡ್ರೆ ಅದು ಕೋರ್ಟಲ್ಲಿ ನಿಲ್ಲುತ್ತಾ?

ಒಳ್ಳೇ ಕಿಲಾಡಿ ಪ್ರಶ್ನೆ. ಪೊಲೀಸ್ ಅಧಿಕಾರಿ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಬಳಸುವಂತಿಲ್ಲ. ಗುಮಾಸ್ತರು ಪೊಲೀಸ್ ಅಧಿಕಾರಿ ಅಲ್ಲವಲ್ಲ ಅಂತ ಕೆಲವರ ಲೆಕ್ಕ. ಆದರೆ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಂನಲ್ಲಿ ಎರಡನೇ ಬೀಗವೂ ಇದೆ. ಪೊಲೀಸ್ ವಶದಲ್ಲಿರುವವರು ಯಾರ ಮುಂದೆ ಒಪ್ಪಿಕೊಂಡರೂ, ಅಲ್ಲಿ ಮ್ಯಾಜಿಸ್ಟ್ರೇಟ್ ಇರದಿದ್ದರೆ ಅದು ನಡೆಯುವುದಿಲ್ಲ. ಹೆಸರು ಬದಲಿಸಿದರೆ ಆಯಿತು ಅಂದುಕೊಳ್ಳುವವರು 2020ರ ತೂಫಾನ್ ಸಿಂಗ್ ತೀರ್ಪನ್ನೂ ನೋಡಬೇಕು. ಮಾದಕವಸ್ತು ಕಾಯ್ದೆಯಡಿ ತನಿಖೆ ಮಾಡುವ ಬೇರೆ ಇಲಾಖೆಯ ಅಧಿಕಾರಿಗಳನ್ನೂ ಸುಪ್ರೀಂ ಕೋರ್ಟ್ ಪೊಲೀಸ್ ಅಧಿಕಾರಿಗಳೆಂದೇ ಪರಿಗಣಿಸಿತು. ಹಾಗಾಗಿ ಠಾಣೆಯ ಸಿವಿಲಿಯನ್ನರನ್ನು ವಿಚಾರಣೆ ಕೋಣೆಯಿಂದ ದೂರ ಇಡುವುದೇ ಕ್ಷೇಮ.

ಇದಕ್ಕೆ ದೆಹಲಿ ಒಪ್ಪಿಗೆ ಬೇಕಾ?

ಬೇಡ. ಪೊಲೀಸ್ ರಾಜ್ಯದ ಪಟ್ಟಿಯ ವಿಷಯ. ಹುದ್ದೆ ಮಂಜೂರಾತಿ, ನೇಮಕಾತಿ ನಿಯಮ, ಆರ್ಥಿಕ ಇಲಾಖೆಯ ಒಪ್ಪಿಗೆ ಎಲ್ಲ ವಿಧಾನಸೌಧದಲ್ಲೇ ಆಗುವ ಕೆಲಸ. ಹೊಸ ಅಧಿಕಾರ ಕೊಡದಿದ್ದರೆ ಕಾಯ್ದೆ ತಿದ್ದುಪಡಿಯೂ ಬೇಕಿಲ್ಲ.

ಗುಮಾಸ್ತರು ಬಂದ ಮೇಲೆ ಬಿಡುವಾದ ಪಿಸಿ ನಿಜವಾಗಿ ಬೀಟ್‌ಗೆ ಹೋಗ್ತಾನೆ ಅಂತ ಏನು ಗ್ಯಾರಂಟಿ?

ಸದ್ಯಕ್ಕೆ ಯಾವ ಗ್ಯಾರಂಟಿಯೂ ಇಲ್ಲ. ಇಡೀ ಯೋಜನೆ ನಿಂತಿರುವುದೂ ಬೀಳುವುದೂ ಇಲ್ಲೇ. ಎರಡು ಅಪಾಯ ಇವೆ. ಒಂದು, ಬಿಡುವಾದವರನ್ನು ಬಂದೋಬಸ್ತ್ ನುಂಗುತ್ತದೆ. ಬಂದೋಬಸ್ತ್‌ಗೆ ಜನ ಎಷ್ಟಿದ್ದರೂ ಸಾಲುವುದಿಲ್ಲ. ಇನ್ನೊಂದು, ಆರ್ಥಿಕ ಇಲಾಖೆ ಕಡತದ ಅಂಚಿನಲ್ಲಿ ಬರೆಯುವ ಟಿಪ್ಪಣಿ. ಹತ್ತು ಗುಮಾಸ್ತರನ್ನು ಕೊಟ್ಟಿದ್ದೇವೆ, ಹತ್ತು ಪಿಸಿ ಹುದ್ದೆ ವಾಪಸ್ ಕೊಡಿ. ಅಲ್ಲಿಗೆ ಲಾಭ ಸೊನ್ನೆ.

ಹಾಗಾಗಿ ಮಂಜೂರಾತಿ ಆದೇಶದಲ್ಲೇ ಪಿಸಿ ಹುದ್ದೆ ಕಮ್ಮಿ ಮಾಡುವುದಿಲ್ಲ ಅಂತ ಬರೆಸಿಕೊಳ್ಳಬೇಕು. ಪ್ರತಿ ಠಾಣೆಯಲ್ಲೂ ರಾತ್ರಿ ಬೀಟ್‌ನಲ್ಲಿ ಮೊದಲು ಎಷ್ಟು ಜನ ಇದ್ದರು, ಈಗ ಎಷ್ಟು ಅನ್ನುವ ಲೆಕ್ಕ ಜನರಿಗೆ ಕಾಣಬೇಕು. 2006ರ ಪ್ರಕಾಶ್ ಸಿಂಗ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ತನಿಖೆಯನ್ನೂ ಕಾನೂನು ಸುವ್ಯವಸ್ಥೆಯನ್ನೂ ಬೇರೆ ಮಾಡಿ ಎಂದಿತ್ತು. ಬಿಡುವಾದವರನ್ನು ತನಿಖಾ ತಂಡಕ್ಕೆ ಹಾಕಿದರೆ ಆ ಮಾತಿಗೂ ಸ್ವಲ್ಪ ಜೀವ ಬರುತ್ತದೆ.

ನನ್ನನ್ನು ಕೇಳಿದರೆ ಮೊದಲ ಲಾಭ ವಾರದ ರಜೆಗೆ ಹೋಗಬೇಕು. 2016ರ ಜೂನ್ 4ರಂದು ಸಾಮೂಹಿಕ ರಜೆ ಹಾಕಲು ಕರ್ನಾಟಕದ ಪೊಲೀಸರು ಕರೆ ಕೊಟ್ಟಾಗ ಅವರು ಕೇಳಿದ್ದರಲ್ಲಿ ಸಂಬಳದ ಜೊತೆ ರಜೆಯೂ ಇತ್ತು. ಸಂಬಳದ ವಿಷಯ ನೋಡಲು ಔರಾದ್ಕರ್ ಸಮಿತಿ ಬಂತು. ರಜೆ ಕೊಡಲು ಬೇಕಾಗುವುದು ಜನ.

ನಮ್ಮ ಠಾಣೇಲೇ ಶುರು ಮಾಡೋದಾದ್ರೆ ಎಲ್ಲಿಂದ ಶುರು ಮಾಡ್ಲಿ? (ಒಬ್ಬ ಇನ್‌ಸ್ಪೆಕ್ಟರ್ ಕೇಳಿದ್ದು)

ಮೊದಲು ಒಂದು ತಿಂಗಳು ಎಣಿಸಿ. ಯಾರು, ಯಾವ ಕೆಲಸಕ್ಕೆ, ಎಷ್ಟು ಗಂಟೆ. ಠಾಣಾ ದಿನಚರಿಯಲ್ಲಿ ಅರ್ಧ ಉತ್ತರ ಇದೆ, ಉಳಿದರ್ಧ ರೈಟರ್ ಬಾಯಲ್ಲಿದೆ. ಆಮೇಲೆ ಮೂರು ಮೇಜು ಆರಿಸಿ. ಕಂಪ್ಯೂಟರ್, ಟಪಾಲು ಮತ್ತು ಮುದ್ದೆಮಾಲು.

ಮುದ್ದೆಮಾಲು ಯಾಕೆ ಅಂದರೆ, ಜಪ್ತಿ ಸಾಮಾನನ್ನು ಠಾಣೆಯಲ್ಲಿ ಕೊಳೆಯಲು ಬಿಡಬೇಡಿ, ಫೋಟೊ ತೆಗೆದು ಬೇಗ ವಿಲೇವಾರಿ ಮಾಡಿ ಎಂದು ಸುಪ್ರೀಂ ಕೋರ್ಟ್ 2002ರ ಸುಂದರಭಾಯಿ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲೇ ಹೇಳಿದೆ. ಆದರೂ ಠಾಣೆಗಳ ಮುಂದೆ ಬೈಕ್‌ಗಳು ತುಕ್ಕು ಹಿಡಿದು ನಿಂತಿವೆ. ಲೆಕ್ಕ ಇಡಲು, ಕೋರ್ಟಿಗೆ ಅರ್ಜಿ ಹಾಕಿಸಲು ಪೂರ್ತಿ ಸಮಯದ ಒಬ್ಬರು ಇಲ್ಲ, ಅದಕ್ಕೇ. ಸೀಲ್, ಬೀಗದ ಕೈ, ಕಾನೂನಿನ ಹೊಣೆ ಠಾಣಾಧಿಕಾರಿ ಹತ್ತಿರವೇ ಇರಲಿ. ಪಟ್ಟಿ, ಚೀಟಿ, ಫೋಟೊ, ನೆನಪೋಲೆ ಸಿವಿಲಿಯನ್ನರ ಕೆಲಸ. ಚಾರ್ಜ್ ಕೊಡುವಾಗ ಒಂದೊಂದೇ ಸಾಮಾನು ತೆಗೆದು ರಿಜಿಸ್ಟರ್ ಜೊತೆ ತಾಳೆ ನೋಡಿ, ಇಬ್ಬರದೂ ಸಹಿ ಹಾಕಿಸಿ. ಇದಕ್ಕೆ ಒಂದು ವಾರ ಇಟ್ಟುಕೊಳ್ಳಿ. ಹಳೇ ಠಾಣೆಯಾದರೆ ಎರಡು ವಾರ.